ಅತಿಥಿಗೆ ಮುದ್ದೆ ಬಡಿಸಲು ಸಂಕೋಚವೇಕೆ?

ಹೊರರಾಜ್ಯದ ಖರೀದಿದಾರರೊಬ್ಬರು ಶಿಡ್ಲಘಟ್ಟಕ್ಕೆ ರೇಷ್ಮೆಯ ವ್ಯವಹಾರಕ್ಕಾಗಿಯೋ, ಚಿಂತಾಮಣಿಗೆ ಟೊಮೇಟೊ ಇಲ್ಲವೇ ಕಡಲೆಕಾಯಿಯ ವ್ಯವಹಾರಕ್ಕಾಗಿಯೋ ಬರುತ್ತಾರೆ. ಬೆಳಗಿನ ಮಾತುಕತೆ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆಯಾಗಿರುತ್ತದೆ. ಸ್ಥಳೀಯ ವರ್ತಕರು ಅತಿಥಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೆದ್ದಾರಿಯ ಕಡೆಗೆ ಹೊರಡುತ್ತಾರೆ. ಹವಾನಿಯಂತ್ರಿತ ಕೊಠಡಿಯಲ್ಲಿ ಪನೀರ್ ಬಟರ್ ಮಸಾಲ, ನಾನ್, ಜೀರಾ ರೈಸ್ ತರಿಸಲಾಗುತ್ತದೆ. ಅತಿಥಿಯು ಹಿಂದಿನ ರಾತ್ರಿ ಸೂರತ್‌ನಲ್ಲಿಯೋ ಇಂದೂರಿನಲ್ಲಿಯೋ ಅದನ್ನೇ, ಬಹುಶಃ ಇದಕ್ಕಿಂತ ಚೆನ್ನಾಗಿ, ಉಂಡು ಬಂದಿರುತ್ತಾರೆ. ಅದೇ ಹೊತ್ತಿನಲ್ಲಿ ಆ ವರ್ತಕರ ಮನೆಯಲ್ಲಿ ಹಿತಕಿದ ಬೇಳೆ ಸಾರು ಒಲೆಯ ಮೇಲೆ ಕುದಿಯುತ್ತಿರುತ್ತದೆ. ಅದನ್ನು ಅತಿಥಿಗೆ ಬಡಿಸಬಹುದೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಬಂದರೂ, "ಅವರಿಗೆ ಅದೆಲ್ಲ ಹಿಡಿಸುವುದಿಲ್ಲ" ಎಂಬ ಮಾತಿನೊಂದಿಗೆ ಅಲ್ಲಿಯೇ ಮುಗಿಯುತ್ತದೆ.

ಇದು ಒಬ್ಬಿಬ್ಬರ ಕಥೆಯಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವ್ಯಾಪಾರಿ ವಲಯದಲ್ಲಿ ಇದು ಬಹುತೇಕ ಸಂಪ್ರದಾಯವೇ ಆಗಿಬಿಟ್ಟಿದೆ. ಇದನ್ನು ಕೇವಲ ರುಚಿಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಊರಿಗೆ ಬಂದ ಹಣ ಊರಿನಲ್ಲಿಯೇ ಉಳಿಯುತ್ತದೆಯೋ ಅಥವಾ ಹೆದ್ದಾರಿಯ ಮೂಲಕ ಹೊರಟುಹೋಗುತ್ತದೆಯೋ ಎಂಬ ಲೆಕ್ಕವೂ ಇದರಲ್ಲಿ ಅಡಗಿದೆ.

ಈ ಭಾಗದಲ್ಲಿ ಉಣ್ಣಲು ಏನಿದೆ ಎಂದು ಕೇಳುವವರಿಗೆ ಉತ್ತರ ಕೊಡುವುದು ಕಷ್ಟವಲ್ಲ. ಮೊದಲನೆಯದು ಬಸ್ಸಾರು. ಸೊಪ್ಪು ಹಾಗೂ ಕಾಳುಗಳನ್ನು ಒಟ್ಟಿಗೆ ಬೇಯಿಸಿ, ನೀರನ್ನು ಬಸಿದು, ಆ ಕಟ್ಟಿಗೆ ಬೆಂದ ಕಾಳು ಒಂದು ಹಿಡಿ, ತೆಂಗಿನಕಾಯಿ, ಬೆಳ್ಳುಳ್ಳಿ, ಮೆಣಸಿನಕಾಯಿ ರುಬ್ಬಿ ಹಾಕಿದರೆ ಸಾರಾಗುತ್ತದೆ. ಬಸಿದು ಉಳಿದ ಸೊಪ್ಪು ಕಾಳು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಪದಾರ್ಥವಾಗಿ ಎಲೆಗೆ ಬರುತ್ತದೆ, ಏನೂ ವ್ಯರ್ಥವಾಗುವುದಿಲ್ಲ. ಉತ್ಪಾದನಾ ವೆಚ್ಚದ ಬಗ್ಗೆ ಚಿಂತಿಸುವ ಯಾವುದೇ ಉದ್ದಿಮೆದಾರರು ಮೆಚ್ಚಬೇಕಾದ ವಿಧಾನವಿದು. ಉಪ್ಸಾರಿನಲ್ಲಿ ಕಟ್ಟಿಗೆ ಬರೀ ಉಪ್ಪು. ಖಾರವನ್ನು ಬೇರೆಯಾಗಿ ಅರೆದು ತಟ್ಟೆಯ ಅಂಚಿನಲ್ಲಿ ಇಡಲಾಗುತ್ತದೆ, ಉಣ್ಣುವವರು ತಮಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಖಾರಕ್ಕೆ ಹೆದರುವ ಹೊರಗಿನ ಅತಿಥಿಗೆ ಇದಕ್ಕಿಂತ ಅನುಕೂಲವಾದ ಅಡುಗೆ ಇನ್ನೊಂದಿರಲಾರದು. ಮಸ್ಸೊಪ್ಪು, ಹುರುಳಿಕಟ್ಟಿನ ಸಾರು, ಹುಚ್ಚೆಳ್ಳಿನ ಚಟ್ನಿ, ಕಡಲೆಬೀಜದ ಚಟ್ನಿ, ರಾಗಿ ರೊಟ್ಟಿ, ಮಾಂಸಾಹಾರಿಗಳಿಗೆ ನಾಟಿ ಕೋಳಿ ಸಾರು, ತಲೆಮಾಂಸ, ಬೋಟಿ ಗೊಜ್ಜು, ಇವೆಲ್ಲವೂ ಈ ಸೀಮೆಯವೇ. ಗೌರಿಬಿದನೂರು ಹಾಗೂ ಚಿಂತಾಮಣಿಯ ಕಡೆ ಮುದ್ದೆಯನ್ನು ಸಂಗಟಿ ಎಂದು ಕರೆಯುವ ತೆಲುಗು ಮಾತಿನ ಮನೆಗಳೂ ಬಹಳ. ಅಲ್ಲಿ ಪಪ್ಪು, ಪುಳುಸುಗಳು ಅದರ ಜೊತೆಗಾರರು. ಎರಡು ಭಾಷೆಯ ಅಡುಗೆ ಒಂದೇ ಬೀದಿಯಲ್ಲಿ ದೊರೆಯುವುದು ಗಡಿನಾಡಿನ ಭಾಗ್ಯವೆನ್ನಬೇಕು.

ಇನ್ನು ಅವರೆಯ ಕಾಲ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ, ಮಂಜು ಬಿದ್ದು ಕಾಯಿಗೆ ಸೊಗಡು ಏರಿದಾಗ, ಈ ನಾಲ್ಕು ತಾಲ್ಲೂಕುಗಳ ಅಡುಗೆಮನೆಗಳು ಬೇರೆ ಯಾವುದನ್ನೂ ವಿಚಾರಿಸುವುದಿಲ್ಲ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಬೆರಳಿನಿಂದ ಹಿಸುಕಿ ಸಿಪ್ಪೆ ತೆಗೆಯಬೇಕು. ಒಂದು ಸೇರು ಹಿತಕಿದ ಬೇಳೆಯ ಹಿಂದೆ ಮನೆಯ ಹೆಂಗಸರ ಅರ್ಧ ದಿನದ ದುಡಿಮೆ ಇರುತ್ತದೆ. ಬೆಂಗಳೂರಿನ ಸಜ್ಜನರಾವ್ ವೃತ್ತದ ಬಳಿ ಪ್ರತಿ ವರ್ಷ ಅವರೆಬೇಳೆ ಮೇಳ ಹೆಸರುವಾಸಿಯಾಗಿ ಬೆಳೆದು, ದೋಸೆಯಿಂದ ಹಿಡಿದು ಜಿಲೇಬಿಯವರೆಗೆ ಅವರೆಬೇಳೆಯಲ್ಲಿ ಮಾಡಿ ಮಾರಲಾಯಿತು. ಅವರೆ ಬೆಳೆಯುವ ಹೊಲಗಳ ನಡುವೆಯೇ ಇರುವ ಊರುಗಳ ಹೋಟೆಲುಗಳಲ್ಲಿ ಮಾತ್ರ ಆ ತಿಂಗಳುಗಳಲ್ಲಿಯೂ ಗೋಬಿ ಮಂಚೂರಿಯೇ ಮುಂಚೂಣಿಯಲ್ಲಿದೆ. ಬೆಳೆದವರು ಕಚ್ಚಾ ಮಾಲು ಮಾರುತ್ತಾರೆ, ಮೌಲ್ಯವನ್ನು ಬೇರೆಯವರು ಸೇರಿಸುತ್ತಾರೆ. ವರ್ತಕರಿಗೆ ಈ ವಾಕ್ಯದ ಅರ್ಥವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಶಿಡ್ಲಘಟ್ಟದ ಬೆಳಗು ಬೇರೆಯದೇ ಬಗೆಯದು. ಗೂಡಿನ ಮಾರುಕಟ್ಟೆಗೆ ರೈತರು ನೆರೆಯ ಆಂಧ್ರದಿಂದಲೂ ಬರುತ್ತಾರೆ. ಹರಾಜು ಆರಂಭವಾಗುವ ಮೊದಲೇ ಚಹಾದ ಅಂಗಡಿಗಳು ತುಂಬಿರುತ್ತವೆ. ನೂಲು ಬಿಚ್ಚಾಣಿಕೆದಾರರ ಪೈಕಿ ಮುಸ್ಲಿಂ ಬಾಂಧವರು ಬಹುಸಂಖ್ಯೆಯಲ್ಲಿರುವುದರಿಂದ ಇಲ್ಲಿನ ಬಿರಿಯಾನಿ, ಕುಷ್ಕಗಳಿಗೂ ತಮ್ಮದೇ ಹದವಿದೆ. ಇಷ್ಟು ಜನ ಪ್ರತಿದಿನ ಸೇರುವ ಊರಿನಲ್ಲಿ ದೂರದಿಂದ ಬಂದ ಖರೀದಿದಾರರು ನೆಮ್ಮದಿಯಾಗಿ ಕುಳಿತು ಊರಿನ ಊಟವನ್ನು ಉಣ್ಣಬಹುದಾದ ಜಾಗಗಳನ್ನು ಬೆರಳಿನಲ್ಲಿ ಎಣಿಸಬಹುದು.

ಹೀಗೇಕೆ ಆಯಿತು? ಸಂಕೋಚ ಒಂದು ಕಾರಣ. ಮುದ್ದೆಯು ಕೂಲಿಯವರ, ಹಳ್ಳಿಯವರ ಊಟ, ಅನ್ನವು ಉಳ್ಳವರ ಊಟ ಎಂಬ ಭಾವನೆ ಹಿಂದಿನ ತಲೆಮಾರುಗಳಿಂದ ಬಂದದ್ದು. ಹೋಟೆಲು ಎಂದರೆ ಇಡ್ಲಿ, ದೋಸೆ, ಕಾಫಿ ಎಂದು ಉಡುಪಿಯ ಉದ್ದಿಮೆದಾರರು ಕಲಿಸಿದರು. ಮುದ್ದೆ, ಮಾಂಸದ ಸಾರುಗಳು ಮಿಲಿಟರಿ ಹೋಟೆಲಿನ ಪಾಲಾದವು. ಸಸ್ಯಾಹಾರದ ಬಸ್ಸಾರು, ಮಸ್ಸೊಪ್ಪುಗಳಿಗೆ ಈ ಎರಡರಲ್ಲಿಯೂ ಸರಿಯಾದ ಸ್ಥಾನ ಸಿಗಲಿಲ್ಲ, ಅವು ಮನೆಯಲ್ಲಿಯೇ ಉಳಿದವು. ಆದರೆ ಕಾಲ ಬದಲಾಗಿದೆ. 2025–26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂ., ರಾಗಿಗೆ 4,886 ರೂ. ಬಡವರ ಧಾನ್ಯವೆನಿಸಿಕೊಂಡದ್ದು ಬೆಲೆಯಲ್ಲಿ ಭತ್ತದ ಎರಡರಷ್ಟನ್ನು ದಾಟಿದೆ. ವಿಶ್ವಸಂಸ್ಥೆ 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿಯೂ ರಾಗಿಗೆ ಸ್ಥಾನ ಸಿಕ್ಕಿದೆ. ಸಂಕೋಚ ಮಾತ್ರ ರಾಗಿ ಬೆಳೆಯುವ ಊರಿನಲ್ಲಿಯೇ ಉಳಿದುಕೊಂಡಿದೆ.

ಎಲ್ಲವನ್ನೂ ಸಂಕೋಚದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ವರ್ತಕರು ಅತಿಥಿಯನ್ನು ಹೆದ್ದಾರಿಗೆ ಕರೆದೊಯ್ಯುವುದಕ್ಕೆ ಶುಚಿಯಾದ ಶೌಚಾಲಯ, ಕೈತೊಳೆಯುವ ಜಾಗ, ವಾಹನ ನಿಲ್ಲಿಸುವ ಅನುಕೂಲ, ಮಹಿಳೆಯರು ಹಿಂಜರಿಕೆಯಿಲ್ಲದೆ ಕುಳಿತು ಉಣ್ಣುವ ವಾತಾವರಣ, ಇವೂ ಕಾರಣಗಳು. ಊರಿನೊಳಗಿನ ಅನೇಕ ಮುದ್ದೆ ಹೋಟೆಲುಗಳಲ್ಲಿ ಊಟ ಉತ್ತಮವಾಗಿದ್ದರೂ ಇವುಗಳ ಕೊರತೆ ಎದ್ದು ಕಾಣುತ್ತದೆ. ಸಾರಿನ ರುಚಿಯನ್ನು ಹೊಗಳುತ್ತ ಕೈತೊಳೆಯುವ ತೊಟ್ಟಿಯ ಸ್ಥಿತಿಯನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ.

ಈ ವಿಷಯದಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದ ರಾಜಧಾನಿ ಲಿಮಾ ನಗರದ ಅನುಭವ ಗಮನಾರ್ಹವಾದುದು. ಅಲ್ಲಿಯೂ ಬಹುಕಾಲ ಉಳ್ಳವರು ಅತಿಥಿಗಳಿಗೆ ಫ್ರೆಂಚ್ ಅಡುಗೆ ಬಡಿಸುವುದೇ ಗೌರವವೆಂದು ನಂಬಿದ್ದರು. ಬೆಟ್ಟಸೀಮೆಯ ಜನರ ಆಹಾರಕ್ಕೆ ನಗರದಲ್ಲಿ ಮರ್ಯಾದೆ ಇರಲಿಲ್ಲ. ಪ್ಯಾರಿಸ್‌ನಲ್ಲಿ ಪಾಕಶಾಸ್ತ್ರ ಕಲಿತು ಬಂದ ಗಾಸ್ತೋನ್ ಅಕುರಿಯೊ ಅವರು 1994ರಲ್ಲಿ ಪತ್ನಿಯೊಡನೆ ಲಿಮಾದಲ್ಲಿ ತೆರೆದದ್ದು ಸಹ ಫ್ರೆಂಚ್ ಶೈಲಿಯ ಹೋಟೆಲನ್ನೇ. ಕ್ರಮೇಣ ಅವರು ತಮ್ಮ ದೇಶದ ಅಡುಗೆಯ ಕಡೆಗೆ ತಿರುಗಿದರು. 2008ರಲ್ಲಿ ಲಿಮಾದಲ್ಲಿ ಆರಂಭವಾದ ಆಹಾರ ಮೇಳವು ಮುಂದೆ 'ಮಿಸ್ತುರಾ' ಎಂಬ ಹೆಸರಿನಲ್ಲಿ 2017ರವರೆಗೆ ನಡೆದು, ಬೀದಿಬದಿಯ ಗಾಡಿಯವರನ್ನೂ, ಬೆಳೆಯುವ ರೈತರನ್ನೂ, ಹೆಸರಾಂತ ಹೋಟೆಲಿನವರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿತು. ವಿಶ್ವದ 50 ಅತ್ಯುತ್ತಮ ಹೋಟೆಲುಗಳ ಪಟ್ಟಿಯಲ್ಲಿ 2023ರಲ್ಲಿ ಮತ್ತು 2025ರಲ್ಲಿ ಮೊದಲ ಸ್ಥಾನ ಪಡೆದ ಹೋಟೆಲುಗಳೆರಡೂ ಲಿಮಾದವು. ಹಸಿ ಮೀನನ್ನು ನಿಂಬೆರಸದಲ್ಲಿ ನೆನೆಸಿ, ಈರುಳ್ಳಿ, ಮೆಣಸಿನಕಾಯಿ ಬೆರೆಸಿ ಕೊಡುವ ಸೆಬಿಚೆ ಎಂಬ ಖಾದ್ಯವನ್ನು ಯುನೆಸ್ಕೊ 2023ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಲಿಮಾದ ನಿಜವಾದ ಬಲ ಈ ಪ್ರಶಸ್ತಿಗಳಲ್ಲಿಲ್ಲ. ಸೆಬಿಚೆಯ ಸಣ್ಣ ಅಂಗಡಿಗಳು ಮಧ್ಯಾಹ್ನಕ್ಕೆ ಮಾತ್ರ ತೆರೆದಿದ್ದು, ಬೆಳಗಿನ ಮೀನು ಮುಗಿದ ಮೇಲೆ ಬಾಗಿಲು ಹಾಕುವ ಪದ್ಧತಿ ಅಲ್ಲಿದೆ. ಹಸುವಿನ ಹೃದಯದ ಮಾಂಸವನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಆಂಟಿಕುಚೊ ಒಂದು ಕಾಲಕ್ಕೆ ಗುಲಾಮರ ಪಾಲಿನ ಆಹಾರವಾಗಿತ್ತು. ಇಂದು ಪ್ರವಾಸಿಗರು ಅದಕ್ಕಾಗಿ ಸಂಜೆ ಗಾಡಿಗಳ ಮುಂದೆ ಸಾಲುಗಟ್ಟುತ್ತಾರೆ. ಬೋಟಿ ಗೊಜ್ಜನ್ನು ಅತಿಥಿಯ ಮುಂದೆ ಹೆಸರಿಸಲು ನಾಚುವವರು ಇದನ್ನು ಗಮನಿಸಬೇಕು.

ಲಿಮಾದ ಮಾತು ಇಲ್ಲಿಗೆ ದೂರದ್ದೆಂದು ಕಂಡರೂ ಸಂಬಂಧ ಹತ್ತಿರದ್ದೇ. ಕಡಲೆಕಾಯಿ, ಟೊಮೇಟೊ, ಆಲೂಗಡ್ಡೆಗಳ ಮೂಲ ಆ ಖಂಡ. ಮೆಣಸಿನಕಾಯಿಯೂ ಅಮೆರಿಕ ಖಂಡಗಳಿಂದಲೇ ಬಂದದ್ದು. ಚಿಂತಾಮಣಿಯ ಮಂಡಿಗಳು ಯಾವುದರಿಂದ ಬೆಳೆದವೋ ಅದರ ಬೀಜ ಹಡಗಿನಲ್ಲಿ ಬಂದಿತ್ತು. ಪೆರುವಿನ ಸಿಪಾನ್ ಎಂಬಲ್ಲಿ 1987ರಲ್ಲಿ ಬೆಳಕಿಗೆ ಬಂದ ಪುರಾತನ ಅರಸನ ಸಮಾಧಿಯಲ್ಲಿ ಕಡಲೆಕಾಯಿಯ ಆಕಾರದ ಚಿನ್ನ, ಬೆಳ್ಳಿಯ ಮಣಿಗಳ ಕಂಠೀಹಾರ ದೊರೆಯಿತು. ಅಲ್ಲಿ ಅರಸನ ಎದೆಯ ಮೇಲೆ ಮೆರೆದ ಕಾಯಿ ಇಲ್ಲಿ ಅತಿಥಿಯ ತಟ್ಟೆಗೆ ಚಟ್ನಿಯಾಗಿ ಬರಲೂ ಹಿಂಜರಿಯುತ್ತಿದೆ.

ರಾಜ್ಯದೊಳಗಿನ ಉದಾಹರಣೆಗಳೂ ಕಡಿಮೆಯಿಲ್ಲ. ಮದ್ದೂರು ವಡೆ ರೈಲು ಪ್ರಯಾಣಿಕರಿಂದ ಹೆಸರಾಯಿತು, ಬಿಡದಿಯ ತಟ್ಟೆ ಇಡ್ಲಿ ಹೆದ್ದಾರಿಯ ಪ್ರಯಾಣಿಕರಿಂದ, ದಾವಣಗೆರೆಯ ಬೆಣ್ಣೆ ದೋಸೆ ಊರಿನ ವ್ಯಾಪಾರಿ ಗಿರಾಕಿಗಳಿಂದ. ಆದರೆ 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರ ತೀವ್ರವಾಗಿ ಇಳಿಯಿತು. ರಸ್ತೆಯನ್ನೇ ನಂಬಿದ ವ್ಯಾಪಾರ ರಸ್ತೆ ಸರಿದಾಗ ತಾನೂ ಸರಿಯುತ್ತದೆ. ದಾವಣಗೆರೆಯ ದೋಸೆಗೆ ಆ ಭಯವಿಲ್ಲ, ಏಕೆಂದರೆ ಅದನ್ನು ಊರಿನವರೇ ಉಣ್ಣುತ್ತಾರೆ, ಬಂದವರಿಗೂ ಅಭಿಮಾನದಿಂದ ಕೊಡಿಸುತ್ತಾರೆ. ಚಿಕ್ಕಬಳ್ಳಾಪುರದ ಪಕ್ಕದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ರ ಮೇಲಿನ ವಾಹನಗಳನ್ನು ಎಣಿಸಿ ಸಂತೋಷಪಡುವವರು ಈ ವ್ಯತ್ಯಾಸವನ್ನು ಯೋಚಿಸುವುದೊಳಿತು.

ವಾಹನಗಳಿಗೇನೂ ಕೊರತೆಯಿಲ್ಲ. ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಬಂದವರು ಒಂಬತ್ತು ಗಂಟೆಯೊಳಗೆ ಹಸಿದು ಕೆಳಗಿಳಿಯುತ್ತಾರೆ. 2023ರ ಜನವರಿ 15ರಂದು ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ವಾರಾಂತ್ಯದ ದಟ್ಟಣೆ ಇನ್ನಷ್ಟು ಹೆಚ್ಚಿದೆ. ವಿದುರಾಶ್ವತ್ಥಕ್ಕೆ, ಕೈವಾರಕ್ಕೆ, ಮುರುಗಮಲ್ಲದ ದರ್ಗಾಕ್ಕೆ ಬರುವ ಭಕ್ತರಿದ್ದಾರೆ. ಇವರಲ್ಲಿ ಬಹುಪಾಲು ಬೆಂಗಳೂರಿನವರು. ನಗರದಲ್ಲಿ ದೊರೆಯುವುದನ್ನೇ ಉಣ್ಣಲು ಅವರು ಅರವತ್ತು ಕಿಲೋಮೀಟರ್ ಬಂದಿರುವುದಿಲ್ಲ. ಬೆಟ್ಟದಿಂದಿಳಿದವರಿಗೆ ಬಿಸಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಾಲಕ್ಕೆ ತಕ್ಕಂತೆ ಅವರೆಕಾಳು ಉಪ್ಪಿಟ್ಟು ದೊರೆತರೆ ಅವರು ಹೆದ್ದಾರಿ ಸೇರುವ ಮೊದಲೇ ಜೇಬಿಗೆ ಕೈಹಾಕುತ್ತಾರೆ.

ಈಗ ತೆರಿಗೆಯ ವಿಚಾರ. ಮುದ್ದೆ ಹೋಟೆಲುಗಳು ಬೆಳೆಯಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ, ಮತ್ತು ಇದರ ಬಗ್ಗೆ ತಪ್ಪು ತಿಳಿವಳಿಕೆ ಹೇರಳ. ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ ರೂ. ಎಂದು ಅನೇಕ ಹೋಟೆಲು ಮಾಲೀಕರು ನಂಬಿದ್ದಾರೆ. ಅದು ಸರಕು ಮಾತ್ರ ಮಾರುವವರಿಗೆ. ಹೋಟೆಲಿನ ಊಟವು ಸೇವೆಯೆಂದು ಪರಿಗಣಿತವಾಗಿರುವುದರಿಂದ ಕರ್ನಾಟಕದಲ್ಲಿ ಮಿತಿ 20 ಲಕ್ಷ ರೂ. ಮಾತ್ರ. ವರ್ಷದ 365 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 5,480 ರೂ. ಊಟವೊಂದಕ್ಕೆ 80 ರೂ. ಎಂದು ಹಿಡಿದರೆ ದಿನಕ್ಕೆ ಅರವತ್ತೊಂಬತ್ತು ಊಟ. ಗಂಡ ಹೆಂಡತಿ ಇಬ್ಬರೇ ನಡೆಸುವ ಹೋಟೆಲು ಕೂಡ ಈ ಗೆರೆಯನ್ನು ಅರಿವಿಲ್ಲದೆಯೇ ದಾಟಬಹುದು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಸಂದಾಯವಾದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳನ್ನು ನೀಡಿದಾಗ ಎಷ್ಟೋ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಫಲಕಗಳು ಮಾಯವಾದುದನ್ನು ಎಲ್ಲರೂ ಕಂಡಿದ್ದಾರೆ. ಫಲಕ ಕಿತ್ತುಹಾಕುವುದು ಪರಿಹಾರವಲ್ಲ. ತೆರಿಗೆಯ ಹೊಣೆ ವಹಿವಾಟಿನ ಮೇಲೆ ಬರುತ್ತದೆ, ಹಣ ಬಂದ ದಾರಿಯ ಮೇಲಲ್ಲ.

ನೋಂದಣಿಯಾದವರ ಮುಂದೆ ಎರಡು ದಾರಿಗಳಿವೆ. 1.5 ಕೋಟಿ ರೂ.ವರೆಗೆ ವಹಿವಾಟು ಇರುವವರು ರಾಜಿ ತೆರಿಗೆ ಪದ್ಧತಿಯಲ್ಲಿ ಶೇ. 5 ಕಟ್ಟಬಹುದು, ಆದರೆ ಅದನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಸಾಮಾನ್ಯ ಪದ್ಧತಿಯಲ್ಲಿಯೂ ದರ ಶೇ. 5 ಆಗಿದ್ದು, ಬಿಲ್ಲಿನಲ್ಲಿ ತೋರಿಸಿ ವಸೂಲು ಮಾಡಬಹುದು, ಹೂಡುವಳಿ ತೆರಿಗೆಯ ಜಮೆ ಮಾತ್ರ ಸಿಗುವುದಿಲ್ಲ. ಲೆಕ್ಕಪತ್ರ ಇಡುವ ಶ್ರಮ ಮೊದಲನೆಯದರಲ್ಲಿ ಕಡಿಮೆ. 80 ರೂ. ಊಟದ ಮೇಲೆ ನಾಲ್ಕು ರೂಪಾಯಿ ಯಾರ ಜೇಬಿನಿಂದ ಹೋಗಬೇಕೆಂಬುದೇ ಪ್ರಶ್ನೆ. ಗಿರಾಕಿಗಳು ಬಿಲ್ಲು ಕೇಳದ ಬೀದಿಯಲ್ಲಿ ಆ ನಾಲ್ಕು ರೂಪಾಯಿ ಕೊನೆಗೆ ಬೆಲೆಯೊಳಗೇ ಸೇರುತ್ತದೆ ಎಂಬುದು ವಾಸ್ತವ.

ಜಮೆ ಸಿಗದ ಈ ನಿಯಮದಲ್ಲಿಯೇ ಊರಿನ ಅಡುಗೆಗೆ ಒಂದು ಅನುಕೂಲ ಅಡಗಿದೆ. ಖರೀದಿಯ ಮೇಲೆ ಕೊಟ್ಟ ತೆರಿಗೆ ಹಿಂದಿರುಗಿ ಬಾರದೆ ಇರುವುದರಿಂದ ಅದು ವೆಚ್ಚವಾಗಿಬಿಡುತ್ತದೆ. ಸಡಿಲವಾಗಿ ಕೊಂಡ ರಾಗಿ, ಸೊಪ್ಪು, ತರಕಾರಿ, ಹಸಿ ಅವರೆಕಾಯಿ, ಇವುಗಳ ಮೇಲೆ ತೆರಿಗೆಯೇ ಇಲ್ಲ. ಸಾಸು, ಚೀಸು, ಬೆಣ್ಣೆಗಳ ಮೇಲೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅವುಗಳ ದರ ಶೇ. 12ರಿಂದ ಶೇ. 5ಕ್ಕೆ ಇಳಿದು ಅಂತರ ಕಿರಿದಾಗಿದೆಯೇ ಹೊರತು ಅಳಿದಿಲ್ಲ. ಇದಕ್ಕಿಂತ ಮುಖ್ಯವಾದುದು ಹಣದ ದಿಕ್ಕು. ಬಸ್ಸಾರಿನ ಸೊಪ್ಪಿಗೆ ಕೊಟ್ಟ ಹಣ ಅದೇ ತಾಲ್ಲೂಕಿನ ರೈತರ ಕೈ ಸೇರಿ, ಅಲ್ಲಿಂದ ಅದೇ ಪೇಟೆಯ ಬಟ್ಟೆ, ಗೊಬ್ಬರ, ಕಬ್ಬಿಣದ ಅಂಗಡಿಗಳಿಗೆ ಹಿಂದಿರುಗುತ್ತದೆ.

ವರ್ತಕರಿಂದ ಏನಾಗಬಹುದು ಎಂಬ ಪ್ರಶ್ನೆಗೆ ದೊಡ್ಡ ಯೋಜನೆಗಳ ಉತ್ತರ ಬೇಕಿಲ್ಲ. ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಕ್ಯಾಂಟೀನಿನ ಗುತ್ತಿಗೆ ನೀಡುವಾಗ ವಾರಕ್ಕೆ ಎರಡು ದಿನ ಮುದ್ದೆ, ಬಸ್ಸಾರು ಇರಬೇಕೆಂದು ಬರೆದರೆ, ಊರಿನ ಹೆಂಗಸರ ಒಂದು ಸಣ್ಣ ತಂಡಕ್ಕೆ ಖಚಿತವಾದ ಆದಾಯ ದೊರೆಯುತ್ತದೆ. ಖಚಿತವಾದ ಗಿರಾಕಿ ಇದ್ದಾಗ ಮಾತ್ರ ಶೌಚಾಲಯಕ್ಕೂ ನೆಲಕ್ಕೂ ಹಣ ಹಾಕುವ ಧೈರ್ಯ ಬರುತ್ತದೆ. ಬ್ಯಾಂಕುಗಳು ಕೇಳುವುದೂ ಅದನ್ನೇ. ಪ್ರತಿ ಪಟ್ಟಣದ ವರ್ತಕರ ಸಂಘವು ಅತಿಥಿಗಳನ್ನು ಕರೆದೊಯ್ಯಬಹುದಾದ ನಾಲ್ಕೈದು ಜಾಗಗಳನ್ನು ಗುರುತಿಸಿ, ಆ ಮಾಲೀಕರೊಡನೆ ಕುಳಿತು ಆಹಾರ ಸುರಕ್ಷತೆಯ ನೋಂದಣಿ, ನೀರು, ಕೈತೊಳೆಯುವ ಜಾಗಗಳ ಬಗ್ಗೆ ಮಾತನಾಡಬಹುದು. ಅದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ. ಅವರೆಯ ಕಾಲದಲ್ಲಿ ಚಿಂತಾಮಣಿಯಲ್ಲಿಯೋ ಚಿಕ್ಕಬಳ್ಳಾಪುರದಲ್ಲಿಯೋ ಎರಡು ದಿನದ ಮೇಳ ನಡೆಸುವುದು ಇನ್ನೊಂದು ದಾರಿ. ಆದರೆ ಉದ್ಘಾಟನೆಗೆ ಗಣ್ಯರನ್ನು ಕರೆದು, ಫೋಟೊ ತೆಗೆಸಿ, ಊಟಕ್ಕೆ ವೆಜಿಟೆಬಲ್ ಪಲಾವ್ ಬಡಿಸುವ ಮೇಳವಾದರೆ ಅದನ್ನು ಮಾಡದಿರುವುದೇ ಲೇಸು.

ಅತಿಥಿಗೆ ಮುದ್ದೆ ಹಿಡಿಸದಿದ್ದರೆ? ಹಾಗಾಗುವ ಸಾಧ್ಯತೆ ಇದೆ. ಮುದ್ದೆಯನ್ನು ಅಗಿಯಬಾರದು, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಮೊದಲೇ ಹೇಳದಿದ್ದರೆ ಮೊದಲ ತುತ್ತು ಹಲ್ಲಿಗೆ ಅಂಟಿ ಕಸಿವಿಸಿಯಾಗುತ್ತದೆ. ಚಿಕ್ಕ ಮುದ್ದೆ ಕಟ್ಟಿಸಿ, ಪಕ್ಕದಲ್ಲಿ ಅನ್ನವನ್ನೂ ಇಡಿಸಿ, ಹೇಗೆ ಉಣ್ಣಬೇಕೆಂದು ವರ್ತಕರೇ ತೋರಿಸಿಕೊಟ್ಟರೆ ಆ ಹತ್ತು ನಿಮಿಷದಲ್ಲಿ ಬೆಳೆಯುವ ಸಲುಗೆ ಪನೀರ್ ಬಟರ್ ಮಸಾಲದ ಮುಂದೆ ಎರಡು ಗಂಟೆ ಕುಳಿತರೂ ಬಾರದು. ದರದ ಮಾತು ಬಿಗಿಯಾಗಿ ನಿಂತಿದ್ದರೆ ಇದು ಇನ್ನೂ ಉಪಯುಕ್ತ. ಕೈ ಸಾರಾಗಿರುವಾಗ ಯಾರೂ ಮೊಬೈಲ್ ತೆಗೆದು ಬೇರೆ ಮಂಡಿಯ ದರ ನೋಡುವುದಿಲ್ಲ.

ಮೊದಲ ಪ್ರಯೋಗವನ್ನು ಸಂಘ ಸಂಸ್ಥೆಗಳ ವಾರ್ಷಿಕ ಸಭೆಯಲ್ಲಿಯೇ ಮಾಡಬಹುದು. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಲೆಕ್ಕಪತ್ರ ಮಂಡನೆಯಾದ ಮೇಲೆ ಬಡಿಸುವ ಊಟದ ಪಟ್ಟಿ ವರ್ಷದಿಂದ ವರ್ಷಕ್ಕೆ ಆಯವ್ಯಯದ ತಲೆಬರಹದಂತೆ ಬದಲಾಗದೆ ಬಂದಿದೆ. ಆ ತಿಂಗಳಲ್ಲಿ ಅವರೆಯ ಸೊಗಡು ಇರುವುದಿಲ್ಲ, ನಿಜ. ಹುರುಳಿ ಇರುತ್ತದೆ, ಮತ್ತು ಬಸ್ಸಾರಿನ ಸೊಪ್ಪು ನಾಲ್ಕೂ ಊರುಗಳ ಸಂತೆಗೆ ವರ್ಷವಿಡೀ ಬರುತ್ತದೆ.